ಹನ್ನೊಂದು ದಿನ, ನಾಲ್ಕೂವರೆ ಗಿಗಾಹರ್ಟ್ಜ್

ಸುರಪುರದ ಡ್ರಾಯಿಂಗ್ ಮಾಸ್ತರರು ತಮ್ಮ ಕಂಪ್ಯೂಟರನ್ನು ಹಳೆಯ ಕೌದಿಯಲ್ಲಿ ಸುತ್ತಿ ಬಸ್ಸಿನಲ್ಲಿ ತಂದಿದ್ದರು. ಸೋಮವಾರ ಬೆಳಿಗ್ಗೆ ನಾನು ಶಹಾಪುರದ ನನ್ನ ರಿಪೇರಿ ಅಂಗಡಿಯ ಶಟರ್ ಎತ್ತಲು ಹೋದಾಗ ಅವರು ಆಗಲೇ ಮೆಟ್ಟಿಲ ಮೇಲೆ ಕೂತಿದ್ದರು. ಕೌದಿಯ ಗಂಟು ತೊಡೆಯ ಮೇಲಿತ್ತು. ನನ್ನನ್ನು ನೋಡಿ ಎದ್ದು ನಿಂತರು, ಗಂಟನ್ನು ಮಾತ್ರ ಕೆಳಗಿಡಲಿಲ್ಲ.

"ಯಾದಗಿರಿ ಸ್ಟುಡಿಯೋದವರ ಮಿಷನ್ ಜೋರ ಓಡಂಗ ಮಾಡಿದಾಕಿ ನೀನೇ ಏನವ್ವಾ?"

"ಹೌದ್ರಿ ಸರ್. ಇದಕ್ಕೇನಾಗ್ಯಾದ?"

"ಓಡ್ತದ, ಓಡ್ತದ, ಒಮ್ಮಿಗ್ಲೇ ಬಂದ್ ಬೀಳ್ತದ. ನನ್ನ ಕಡಿ ಹನ್ನೊಂದೇ ದಿನ ಅದಾವ ತಂಗಿ."

ಪೆಟ್ಟಿಗೆಯ ಪಕ್ಕದ ತಗಡು ಬಿಚ್ಚಿದ ಕೂಡಲೇ ಕಾರಣ ಕಂಡಿತು. ಪ್ರೊಸೆಸರಿನ ಮೇಲೆ ಶಾಖ ಹೀರಲು ಅಲ್ಯೂಮಿನಿಯಂ ಪಟ್ಟಿಗಳ ಒಂದು ಗಟ್ಟಿ ಇರುತ್ತದೆ, ಅದರ ಮೇಲೊಂದು ಫ್ಯಾನು. ಆ ಪಟ್ಟಿಗಳ ನಡುವೆ ಅರಳೆ ತುಂಬಿ ಕಂಬಳಿಯ ತುಂಡಿನಂತಾಗಿತ್ತು. ಮಾಸ್ತರರ ಪಕ್ಕದ ಮನೆಯವರು ಗಾದಿ ತುಂಬುವವರಂತೆ. ಹತ್ತಿ ಹಿಂಜುವ ಯಂತ್ರ ಇವರ ಕಿಟಕಿಯ ಮಗ್ಗುಲಿಗೇ ಇತ್ತು. ನಾನು ಚಿಮುಟದಿಂದ ಎಳೆದಾಗ ಆ ಅರಳೆ ಒಂದೇ ಹಾಳೆಯಾಗಿ ಎದ್ದು ಬಂತು. ಗಾಳಿಯಾಡದೆ ಪ್ರೊಸೆಸರ್ ನೂರು ಡಿಗ್ರಿ ಮುಟ್ಟುತ್ತಿತ್ತು. ನೂರಕ್ಕೆ ತಾನೇ ಆರಿ ತನ್ನನ್ನು ಉಳಿಸಿಕೊಳ್ಳುತ್ತಿತ್ತು.

ಕೆಲಸ ಮಾಡುತ್ತಲೇ ವಿಷಯ ಕೇಳಿದೆ. ಮಾಸ್ತರರು ಹೈಸ್ಕೂಲಿನಿಂದ ನಿವೃತ್ತರಾಗಿ ಕೆಲವು ವರ್ಷ ಆಗಿತ್ತು. ಅವರ ಓಣಿಯಲ್ಲೇ ಒಂದು ಹಳೆಯ ದೊಡ್ಡ ವಾಡೆ ಮನೆ, ಅದರೊಳಗೆ ಒಂದು ಕೋಣೆ. ಆ ಕೋಣೆಯ ನಾಲ್ಕೂ ಗೋಡೆ ಮತ್ತು ಕಮಾನುಗಳ ಮೇಲೆ ಯಾರೋ ಎಂದೋ ಬರೆದ ಚಿತ್ರಗಳಿದ್ದವು: ಕುದುರೆ ಸವಾರರ ಸಾಲು, ಬಳ್ಳಿ, ಗಿಳಿ, ಕನ್ನಡಿ ಹಿಡಿದ ಹೆಂಗಸರು. ಬಣ್ಣಕ್ಕಿಂತ ಗೆರೆ ಮುಖ್ಯವಾದ, ಉಗುರಿನಷ್ಟು ಮುಖದಲ್ಲಿ ಕಣ್ಣಿನ ರೆಪ್ಪೆಯನ್ನೂ ಬಿಡದ ಕೆಲಸ. ವಾಡೆಯನ್ನು ಈಗ ಕೆಡವುತ್ತಿದ್ದರು. ಮಾಲೀಕರು ಬೀಜದ ವ್ಯಾಪಾರಿ, ಕೆಟ್ಟವರೇನಲ್ಲ. ಹಿಂದಿನ ಮಳೆಗಾಲದಲ್ಲಿ ಪಡಸಾಲೆಯ ತೊಲೆ ಮುರಿದು ಅವರ ತಾಯಿಯ ಕಾಲಿನ ಮೇಲೆ ಬಿದ್ದಿತ್ತು. ಬಸವ ಜಯಂತಿಯಂದು ಹೊಸ ಮನೆಗೆ ಅಡಿಗಲ್ಲು ಇಡುವುದು ಎಂದು ನಿಶ್ಚಯವಾಗಿತ್ತು. ಜಯಂತಿ ಮುಂದಿನ ವಾರದ ಭಾನುವಾರ ಬಂದಿತ್ತು. ಅದಕ್ಕೆ ಮುಂಚಿನ ಶುಕ್ರವಾರ ಬೆಳಿಗ್ಗೆ ಜೆಸಿಬಿ ಬರುವುದಿತ್ತು.

ಮಾಸ್ತರರು ಆ ಕೋಣೆಯ ಎರಡು ಸಾವಿರಕ್ಕೂ ಮಿಕ್ಕಿ ಫೋಟೋ ತೆಗೆದಿದ್ದರು. ಅವನ್ನು ಒಂದು ಸಾಫ್ಟ್‌ವೇರಿಗೆ ಕೊಟ್ಟರೆ ಅದು ಒಂದು ಫೋಟೋದಲ್ಲಿರುವ ಚುಕ್ಕಿಯನ್ನು ಇನ್ನೊಂದರಲ್ಲಿ ಹುಡುಕಿ, ಯಾವ ಫೋಟೋ ಎಲ್ಲಿ ನಿಂತು ತೆಗೆದದ್ದು ಎಂದು ಲೆಕ್ಕ ಹಾಕಿ, ಇಡೀ ಕೋಣೆಯನ್ನು ಅಳತೆ ಸಮೇತ ಪರದೆಯ ಮೇಲೆ ನಿಲ್ಲಿಸುತ್ತದೆ. ಉಬ್ಬು ತಗ್ಗು, ಕಮಾನಿನ ಬಾಗು, ಗೂಡಿನ ಒಳಮೈ ಎಲ್ಲವೂ ಬರುತ್ತದೆ. ಮುಂದೆ ಯಾವುದಾದರೂ ಶಾಲೆಯ ಗೋಡೆಯ ಮೇಲೆ ಅದೇ ಅಳತೆಯಲ್ಲಿ ಮತ್ತೆ ಬರೆಯಬೇಕೆಂಬುದು ಅವರ ಆಸೆ.

"ಫೋಟೋ ಎಲ್ಲಾ ಕೈಯಾಗೇ ಅದಾವಲ್ಲ ಸರ್. ಗಡಿಬಿಡಿ ಯಾಕ್ರಿ? ಗೋಡಿ ಬಿದ್ದ ಮ್ಯಾಲೂ ಮಾಡಬಹುದಲ್ಲ?"

"ಎಲ್ಲಿ ಫೋಟೋ ತಪ್ಪ್ಯಾವ ಅನ್ನೋದು ಇದು ಮುಗದ ಮ್ಯಾಲೇ ಕಾಣ್ತದವ್ವಾ. ಗೋಡಿ ಇದ್ರ ಮತ್ತ ತೆಗೀಬಹುದು. ಇಲ್ಲಂದ್ರ ತೂತ ಬಿದ್ದಲ್ಲಿ ತೂತೇ."

ಆಗ ನನಗೆ ಹನ್ನೊಂದು ದಿನದ ಅರ್ಥವಾಯಿತು.

ಅರಳೆ ತೆಗೆದು, ಒಣಗಿ ಸುಣ್ಣದಂತಾಗಿದ್ದ, ಶಾಖ ದಾಟಿಸುವ ಹಳೆಯ ಥರ್ಮಲ್ ಪೇಸ್ಟನ್ನು ಒರೆಸಿ, ಅಂಗಡಿಯಲ್ಲಿದ್ದ ಇನ್ನೂ ದೊಡ್ಡ ಗಟ್ಟಿ ಮತ್ತು ಫ್ಯಾನಿನ ಕೂಲರೊಂದನ್ನು ಕೂರಿಸಿದೆ. ಹೊಸ ಪೇಸ್ಟನ್ನು ಕಡಲೆಕಾಳಿನಷ್ಟು ಇಟ್ಟು, ನಾಲ್ಕು ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಬಿಗಿ ಮಾಡಿದೆ. ಪೂರ್ತಿ ಹೊರೆ ಕೊಟ್ಟಾಗ ಉಷ್ಣ ಅರವತ್ತೆಂಟರಲ್ಲಿ ನಿಂತಿತು. ಕಂಪನಿಯವರು ಕೊಟ್ಟ ವೇಗ ಮೂರೂ ಪಾಯಿಂಟ್ ಆರು ಗಿಗಾಹರ್ಟ್ಜ್. ಆ ವೇಗದಲ್ಲಿ ಕೆಲಸ ಏಳು ದಿನ ಹಿಡಿಯುತ್ತದೆ ಎಂದು ಸಾಫ್ಟ್‌ವೇರ್ ಅಂದಾಜು ಕೊಟ್ಟಿತು. ಅದು ಸೋಮವಾರ ಸಂಜೆ. ಅಲ್ಲೇ ಗುಂಡಿ ಒತ್ತಿದ್ದರೆ ಮುಂದಿನ ಸೋಮವಾರ ಸಂಜೆಗೆ ಮುಗಿಯುತ್ತಿತ್ತು. ಗೋಡೆ ಬೀಳುವ ಮೊದಲು ಪೂರ್ತಿ ಮೂರು ದಿನ ಉಳಿಯುತ್ತಿದ್ದವು.

ಈ ವಾಕ್ಯವನ್ನು ನಾನು ಆಮೇಲೆ ಮನಸ್ಸಿನಲ್ಲಿ ಎಷ್ಟು ಸಲ ಹೇಳಿಕೊಂಡಿದ್ದೇನೋ ಲೆಕ್ಕವಿಲ್ಲ.

"ಇನ್ನೊಂಚೂರ ಜೋರ ಓಡಸಾಕ ಬರತದೇನು?" ಎಂದು ಮಾಸ್ತರರು ಕೇಳಿದರು. "ಎರಡು ದಿನ ಉಳದ್ರ, ತಪ್ಪಿದ್ದು ತೆಗೆದು ಇನ್ನೊಮ್ಮಿ ತಾಳೆ ಹಾಕಿ ನೋಡಬಹುದು."

ಬರುತ್ತಿತ್ತು. ಆ ಪ್ರೊಸೆಸರ್ ಗುಣಕದ ಬೀಗವಿಲ್ಲದ ಜಾತಿಯದು. ಅಂದರೆ ಬಯೋಸ್ ಎಂಬ ಒಳಸೆಟ್ಟಿಂಗಿಗೆ ಹೋಗಿ ಒಂದು ಅಂಕಿ ಏರಿಸಿದರೆ ವೇಗ ಏರುತ್ತದೆ. ವೇಗ ಏರಿದಂತೆ ಅದಕ್ಕೆ ಹೆಚ್ಚು ವೋಲ್ಟೇಜ್ ಬೇಕು. ವೋಲ್ಟೇಜ್ ಏರಿದಂತೆ ಶಾಖ ಏರುತ್ತದೆ, ಅದೂ ನೇರ ಲೆಕ್ಕದಲ್ಲಲ್ಲ, ಜಿಗಿದು ಜಿಗಿದು. ಮೂರನ್ನೂ ಒಂದರ ಜೊತೆ ಒಂದು ಸರಿದೂಗಿಸುವುದೇ ಓವರ್‌ಕ್ಲಾಕ್. ಈ ಕೆಲಸದಲ್ಲಿ ಯಾದಗಿರಿ ಜಿಲ್ಲೆಯಲ್ಲಿ ನನ್ನ ಹೆಸರು ಚೂರು ಓಡಾಡುತ್ತಿತ್ತು. ಹೆಂಗಸು ಕಂಪ್ಯೂಟರ್ ಬಿಚ್ಚುತ್ತಾಳೆ ಎಂಬ ಆಶ್ಚರ್ಯಕ್ಕೇ ಅರ್ಧ ಹೆಸರು, ಉಳಿದರ್ಧ ನಿಜವಾದ ಕೆಲಸಕ್ಕೆ. ಒಬ್ಬ ಹಿರಿಯರು ಕೌದಿ ಹೊತ್ತು ನನ್ನನ್ನು ಹುಡುಕಿಕೊಂಡು ಬಂದಿದ್ದರು. ಬರುವುದಿಲ್ಲ ಅನ್ನಲು ನನ್ನಿಂದ ಆಗಲಿಲ್ಲ.

"ಬರತದ ಸರ್. ನಾಳಿ ಮುಂಜಾನಿ ಹತ್ತಕ್ಕ ಒಯ್ಯಿರಿ" ಅಂದೆ.

ಮಂಗಳವಾರ ಬೆಳಿಗ್ಗೆ ಏಳಕ್ಕೇ ಕೂತೆ. ಒಂದೊಂದೇ ಮೆಟ್ಟಿಲು ಏರಿಸಿದೆ: ನಾಲ್ಕು, ನಾಲ್ಕೂ ಪಾಯಿಂಟ್ ಎರಡು, ನಾಲ್ಕೂ ಪಾಯಿಂಟ್ ನಾಲ್ಕು. ಪ್ರತಿ ಮೆಟ್ಟಿಲಿಗೂ ಹತ್ತು ನಿಮಿಷ ಹೊರೆ ಕೊಟ್ಟು ನೋಡುವುದು, ನಿಂತುಬಿಟ್ಟರೆ ವೋಲ್ಟೇಜನ್ನು ಒಂದು ಕಾಳಿನಷ್ಟು ಏರಿಸುವುದು. ನಾಲ್ಕೂವರೆಯಲ್ಲಿ, ಒಂದೂ ಪಾಯಿಂಟ್ ಮೂವತ್ತೆರಡು ವೋಲ್ಟಿನಲ್ಲಿ ಅದು ನಿಲ್ಲದೆ ಓಡಿತು. ಉಷ್ಣ ಎಂಬತ್ತೆರಡು. ತೊಂಬತ್ತು ದಾಟಿದರೆ ತಾನೇ ವೇಗ ಇಳಿಸಿಕೊಳ್ಳುವಂತೆ ಮಿತಿ ಹಾಕಿದೆ. ಇಷ್ಟಾದ ಮೇಲೆ ಮಾಡಲೇಬೇಕಾದ ಒಂದು ಕೆಲಸವಿದೆ. ಉತ್ತರ ಮೊದಲೇ ಗೊತ್ತಿರುವ ಲೆಕ್ಕಗಳನ್ನು ಪ್ರೊಸೆಸರಿನೊಳಗೆ ಬೇರೆಬೇರೆಯಾಗಿ ಲೆಕ್ಕ ಮಾಡುವ ಪ್ರತಿ ಕೋರಿಗೂ ಕೊಟ್ಟು, ಕನಿಷ್ಠ ಒಂದು ಹಗಲು ಒಂದು ರಾತ್ರಿ ಓಡಿಸಿ, ಒಂದಾದರೂ ತಪ್ಪು ಉತ್ತರ ಬರುತ್ತದೆಯೇ ಎಂದು ಕಾಯುವುದು. ಯಾದಗಿರಿ ಸ್ಟುಡಿಯೋದ ಮಿಷನ್ನನ್ನು ನಾನು ಎರಡು ದಿನ ಹೀಗೆ ಕಾದಿದ್ದೆ.

ಮಾಸ್ತರರ ಮಿಷನ್ನಿಗೆ ಒಂದು ತಾಸು ಕೊಟ್ಟೆ. ತಪ್ಪು ಬರಲಿಲ್ಲ. ದಿನ ಉಳಿಸಲೆಂದೇ ಮಾಡುತ್ತಿರುವ ಕೆಲಸದಲ್ಲಿ ಪರೀಕ್ಷೆಗೆ ಒಂದು ದಿನ ಕಳೆಯುವುದು ಹೇಗೆ ಎಂದು ನನಗೆ ನಾನೇ ಹೇಳಿಕೊಂಡೆ.

ಅವರ ಜೊತೆ ನಾನೂ ಸುರಪುರಕ್ಕೆ ಹೋಗಿ ಜೋಡಿಸಿಕೊಟ್ಟೆ. ಮನೆ ಫರಸಿ ಕಲ್ಲಿನ ಚಪ್ಪಡಿ ಹೊದಿಸಿದ ಮಾಳಿಗೆಯದು. ಕಿಟಕಿಗೆ ಒದ್ದೆ ಬಟ್ಟೆ ಕಟ್ಟಿ ಅರಳೆ ಬರದಂತೆ ಮಾಡಿದೆವು. ಪೆಟ್ಟಿಗೆಯನ್ನು ನೆಲದಿಂದ ಎತ್ತಿ ಹಲಗೆಯ ಮೇಲಿಟ್ಟೆ. ಕರೆಂಟು ಹೋದರೆ ಇರಲಿ ಎಂದು ಅಂಗಡಿಯ ಇನ್ವರ್ಟರ್ ತಂದು ಕೊಟ್ಟೆ. ಮಧ್ಯಾಹ್ನ ಹನ್ನೆರಡಕ್ಕೆ ಶುರು. ಅಂದಾಜು ಐದೂವರೆ ದಿನ ಎಂದು ತೋರಿಸಿತು. ಮಾಸ್ತರರು ಪರದೆಯನ್ನು ನೋಡಿ "ಬೇಷ್" ಅಂದರು. ಅವರ ಹೆಂಡತಿ ನನಗೆ ಜೋಳದ ರೊಟ್ಟಿ, ಪುಂಡಿಪಲ್ಲೆ ಬಡಿಸಿದರು. ಉಂಡು ಮೂರರ ಬಸ್ಸಿಗೆ ಮರಳಿದೆ.

ಗುರುವಾರ ಮಧ್ಯಾಹ್ನ ಎರಡೂವರೆಗೆ ಫೋನ್ ಬಂತು.

"ತಂಗಿ, ನಿಂತುಬಿಟ್ಟದ. ಬಾಣದ ಗುರ್ತೂ ಅಳ್ಳಾಡವಲ್ದು."

ಹತ್ತಿಗೂಡೂರು ದಾಟುವವರೆಗೂ ಬಸ್ಸಿನ ಕಿಟಕಿಯಿಂದ ಕಾವಲಿಯ ಬಿಸಿ ಬಡಿದಂತೆ ಗಾಳಿ ಹೊಡೆಯುತ್ತಿತ್ತು. ನನ್ನ ತಪ್ಪು ಏನೆಂದು ಅಲ್ಲೇ ಹೊಳೆಯಿತು. ನಾನು ಪರೀಕ್ಷೆ ಮಾಡಿದ್ದು ಬೆಳಿಗ್ಗೆ, ತಂಪಿದ್ದ ಅಂಗಡಿಯಲ್ಲಿ. ಅಲ್ಲಿ ಕೋಣೆ ಮೂವತ್ತೊಂದು ಡಿಗ್ರಿ. ಮಾಸ್ತರರ ಮಾಳಿಗೆಯ ಕೆಳಗೆ ಮಧ್ಯಾಹ್ನ ನಲವತ್ತೊಂದು. ಕೂಲರು ಎಷ್ಟೇ ಒಳ್ಳೆಯದಿರಲಿ ಕೋಣೆಯ ಗಾಳಿಗಿಂತ ತಂಪು ಮಾಡಲಾರದು. ಹೊರಗೆ ಹತ್ತು ಏರಿದರೆ ಒಳಗೂ ಹತ್ತು ಏರುತ್ತದೆ. ನನಗೆ ಇದು ಗೊತ್ತಿಲ್ಲದ ವಿಷಯವಲ್ಲ. ತೊಂಬತ್ತರ ಮಿತಿ ಹಾಕಿದ್ದೇನಲ್ಲ, ಅದು ನೋಡಿಕೊಳ್ಳುತ್ತದೆ ಅಂದುಕೊಂಡಿದ್ದೆ.

ಹೋಗಿ ನೋಡಿದರೆ ಮಿತಿ ತನ್ನ ಕೆಲಸ ಮಾಡಿತ್ತು. ದಾಖಲೆಯಲ್ಲಿ ಪ್ರೊಸೆಸರ್ ತೊಂಬತ್ತರ ಮೇಲೆ ಹೋಗಿರಲಿಲ್ಲ. ಸೋತದ್ದು ಅದರ ಮಗ್ಗುಲಿನ ಭಾಗ. ಮದರ್‌ಬೋರ್ಡಿನ ಅಂಚಿನಲ್ಲಿ ಪ್ರೊಸೆಸರಿಗೆ ವೋಲ್ಟೇಜ್ ಹದ ಮಾಡಿ ಕೊಡುವ ಸಣ್ಣ ಕಪ್ಪು ತುಣುಕುಗಳ ಸಾಲು ಇರುತ್ತದೆ. ಅಗ್ಗದ ಬೋರ್ಡಾದ್ದರಿಂದ ಅವುಗಳ ಮೇಲೆ ಶಾಖ ಹೀರುವ ಪಟ್ಟಿ ಇರಲಿಲ್ಲ. ಬೆರಳು ಇಟ್ಟೆ. ಚುರ್ ಅಂದಿತು. ಎರಡು ದಿನ ನಾನು ಒಂದೇ ಅಂಕಿಯನ್ನು ನಂಬಿ ಕೂತಿದ್ದೆ.

ಇನ್ನೂ ಕೆಟ್ಟದ್ದೇನೆಂದರೆ, ಆ ಸಾಫ್ಟ್‌ವೇರ್ ಹಂತ ಮುಗಿಯುವವರೆಗೂ ಏನನ್ನೂ ಉಳಿಸಿಕೊಳ್ಳುತ್ತಿರಲಿಲ್ಲ. ಎರಡು ದಿನದ ಕೆಲಸ ಪೂರ್ತಿ ಹೋಯಿತು.

ಮಾಸ್ತರರು ಗೋಡೆಗೆ ಒರಗಿ ನಿಂತು ನಾನು ಮಾಡುವುದನ್ನೇ ನೋಡುತ್ತಿದ್ದರು. ನಾನು ಕಾಗದದ ಮೇಲೆ ಬರೆದೆ. ಸಂಜೆ ಆರಕ್ಕೆ ಮತ್ತೆ ಶುರು ಮಾಡುತ್ತೇವೆ ಅಂದುಕೊಂಡರೆ, ಕಂಪನಿಯ ವೇಗದಲ್ಲಿ ಏಳು ದಿನ: ಮುಂದಿನ ಗುರುವಾರ ಸಂಜೆ ಆರು. ವಾಡೆಯಲ್ಲಿ ಕರೆಂಟು ಕಿತ್ತಾಗಿತ್ತು, ಹಗಲ ಬೆಳಕಿಲ್ಲದೆ ಫೋಟೋ ಇಲ್ಲ. ಶುಕ್ರವಾರ ಬೆಳಿಗ್ಗೆ ಜೆಸಿಬಿ. ಅಂದರೆ ಸುರಕ್ಷಿತ ವೇಗದಲ್ಲಿ ಓಡಿಸಿದರೆ ತೂತು ಎಲ್ಲಿದೆ ಎಂದು ಗೊತ್ತಾಗುವ ಹೊತ್ತಿಗೆ ಮುಚ್ಚಲು ಸಮಯವಿರುವುದಿಲ್ಲ. ನಾಲ್ಕೂ ಪಾಯಿಂಟ್ ಮೂರರಲ್ಲಿ ಓಡಿಸಿದರೆ ಆರು ದಿನಕ್ಕಿಂತ ಸ್ವಲ್ಪ ಕಡಿಮೆ: ಬುಧವಾರ ಮಧ್ಯಾಹ್ನ. ಗುರುವಾರದ ಒಂದು ಹಗಲು ಕೈಯಲ್ಲಿ ಉಳಿಯುತ್ತದೆ.

ಬೇರೆ ದಾರಿಯನ್ನೂ ಹುಡುಕಿದೆ. ಕಲಬುರಗಿಯಲ್ಲಿ ದೊಡ್ಡ ಮಿಷನ್ ಇದ್ದ ಪರಿಚಯದವರಿಗೆ ಫೋನ್ ಮಾಡಿದೆ. ಲಗ್ನದ ಸೀಜನ್, ಎಲ್ಲ ಮಿಷನ್ನಿನಲ್ಲೂ ಮದುವೆಯ ವಿಡಿಯೋಗಳು ಕೂತಿವೆ, ಜಯಂತಿ ಆದಮೇಲೆ ತನ್ನಿ ಅಂದರು. ಇಂಟರ್ನೆಟ್ಟಿನಲ್ಲಿ ಎಲ್ಲಿಗಾದರೂ ಕಳಿಸೋಣವೆಂದರೆ ಇಲ್ಲಿಯ ವೇಗಕ್ಕೆ ಫೋಟೋಗಳು ಹೋಗಿ ಮುಟ್ಟಲು ಏಳು ದಿನಕ್ಕಿಂತ ಹೆಚ್ಚು ಬೇಕಿತ್ತು.

"ಈ ಸಲ ಎಷ್ಟರ ಮ್ಯಾಲೆ ಇಡ್ತಿ?" ಮಾಸ್ತರರು ಕೇಳಿದರು.

"ನಾಕೂ ಪಾಯಿಂಟ್ ಮೂರು ಸರ್. ವೋಲ್ಟೇಜೂ ಇಳಸ್ತೀನಿ. ಬಿಸಿ ಆಗಂಗಿಲ್ಲ."

"ನಿನಗ ಖಾತ್ರಿ ಅದ ಏನು?"

"ಬಿಸಿ ಆಗಂಗಿಲ್ರಿ" ಎಂದು ಮತ್ತೆ ಹೇಳಿದೆ. ಅವರು ಕೇಳಿದ್ದು ಬೇರೆ, ನಾನು ಉತ್ತರ ಕೊಟ್ಟದ್ದು ಬೇರೆ ಎಂಬುದು ಆಗಲೂ ನನಗೆ ಗೊತ್ತಿತ್ತು.

ವೋಲ್ಟೇಜನ್ನು ಒಂದೂ ಪಾಯಿಂಟ್ ಇಪ್ಪತ್ತನಾಲ್ಕಕ್ಕೆ ತಂದೆ. ಆ ಕಪ್ಪು ತುಣುಕುಗಳ ಮೇಲೆ ನೇರ ಬೀಸುವಂತೆ ಒಂದು ಸಣ್ಣ ಫ್ಯಾನನ್ನು ತಂತಿಯಿಂದ ಕಟ್ಟಿದೆ. ಮಾಸ್ತರರ ಹೆಂಡತಿ ಮಲಗುವ ಕೋಣೆಯ ಏರ್ ಕೂಲರನ್ನು ತಾವೇ ಎಳೆದು ತಂದರು. ಒದ್ದೆ ಗಾಳಿ ನೇರ ಪೆಟ್ಟಿಗೆಗೆ ಬಡಿಯದಂತೆ, ಕೋಣೆ ಮಾತ್ರ ತಂಪಾಗುವಂತೆ, ಬಾಗಿಲ ಹತ್ತಿರ ಓರೆಯಾಗಿ ಇಟ್ಟೆವು. ಕೋಣೆ ಮೂವತ್ತನಾಲ್ಕಕ್ಕೆ ಇಳಿಯಿತು, ಪ್ರೊಸೆಸರ್ ಎಪ್ಪತ್ತೊಂಬತ್ತಕ್ಕೆ. ಅರ್ಧ ತಾಸು ಪರೀಕ್ಷೆ ಓಡಿಸಿದೆ, ಸರಿ ಬಂತು. ಆರು ಗಂಟೆಗೆ ಶುರು ಮಾಡಿದೆವು.

ಆ ಆರು ದಿನ ಮಾಸ್ತರರು ದಿನಕ್ಕೆ ನಾಲ್ಕು ಸಲ ಉಷ್ಣ ಬರೆದುಕೊಂಡು ಫೋನಿನಲ್ಲಿ ಓದಿ ಹೇಳುತ್ತಿದ್ದರು. ಕೂಲರಿಗೆ ಕೊಡದಿಂದ ನೀರು ತುಂಬುವುದು ಅವರ ಹೆಂಡತಿಯ ಕೆಲಸ. ಕರೆಂಟು ಹೋದಾಗ ಇನ್ವರ್ಟರ್ ಕಂಪ್ಯೂಟರನ್ನಷ್ಟೇ ಎಳೆಯುತ್ತಿತ್ತು. ಕೂಲರ್ ನಿಲ್ಲುತ್ತಿತ್ತು. ಆಗ ಇಬ್ಬರೂ ಪಾಳಿ ಹಚ್ಚಿ ಬೀಸಣಿಕೆ ಬೀಸುತ್ತಿದ್ದರಂತೆ. ನಾನು ಬೇಡ ಅಂದರೂ ಕೇಳಲಿಲ್ಲ. ಅಂಕಿ ಎಂಬತ್ತೈದು ದಾಟಲೇ ಇಲ್ಲ. ನನಗೆ ಧೈರ್ಯ ಬಂತು. ತಂಪಾಗಿದೆ ಅಂದರೆ ಸರಿಯಾಗಿದೆ ಎಂದು ನನ್ನ ಮನಸ್ಸು ನನಗೇ ಗೊತ್ತಿಲ್ಲದೆ ಒಪ್ಪಿಕೊಂಡುಬಿಟ್ಟಿತ್ತು.

ಬುಧವಾರ ಮಧ್ಯಾಹ್ನ ಎರಡಕ್ಕೇ ಹೋಗಿ ಅವರ ಪಕ್ಕದಲ್ಲಿ ಕೂತೆ. ಮೂರರ ಹತ್ತಿರ, ಎಷ್ಟು ಕೆಲಸ ಆಯಿತೆಂದು ತೋರಿಸುವ ಪಟ್ಟಿ ತುಂಬಿತು. ಪರದೆಯ ಮೇಲೆ ಚುಕ್ಕಿಗಳು ಮೂಡತೊಡಗಿದವು. ಮೊದಲು ಒಂದು ಗೋಡೆ, ಕುದುರೆಗಳು. ಮಾಸ್ತರರು ಮುಂದೆ ಬಾಗಿದರು. ಎರಡನೆಯ ಗೋಡೆ ಮೊದಲನೆಯದರ ಮೈಯೊಳಗೇ ತೂರಿ ನಿಂತಿತು. ಮೂರನೆಯದು ಹಿಂಡಿದ ಬಟ್ಟೆಯಂತೆ ತಿರುಚಿಕೊಂಡು ಮೇಲಕ್ಕೆ ಹೋಯಿತು. ಕಮಾನು ಎರಡು ಕಡೆ ಕಂಡಿತು, ಒಂದು ತಲೆಕೆಳಗಾಗಿ. ಕೋಣೆ ಎಲ್ಲೂ ಇರಲಿಲ್ಲ.

ಅವರು ಮೆಲ್ಲಗೆ ಕೇಳಿದರು:

"ನನ್ನ ಫೋಟೋನೇ ಸರಿ ಇಲ್ಲೇನು ತಂಗಿ?"

ಹೌದು ಅನ್ನಬಹುದಿತ್ತು. ಅವರು ಆಗಲೇ ಅರ್ಧ ನಂಬಿದ್ದರು. ಕೈ ನಡುಗುವ ವಯಸ್ಸು, ಮಬ್ಬು ಬೆಳಕು, ತಾನೇ ಕಲಿತ ಕ್ಯಾಮೆರಾ. ಒಂದು ಮಾತಿನಲ್ಲಿ ಎಲ್ಲ ಮುಗಿದುಹೋಗುತ್ತಿತ್ತು, ನನ್ನ ಹೆಸರಿಗೂ ಏನೂ ಆಗುತ್ತಿರಲಿಲ್ಲ. ಅದನ್ನು ಸುಳ್ಳು ಎಂದು ಸಾಬೀತು ಮಾಡಬಲ್ಲವರು ಆ ಊರಲ್ಲಿ ಯಾರೂ ಇರಲಿಲ್ಲ. ನಾನು ಕಣ್ಣೆತ್ತದೆ ಮೌಸ್ ಹಿಡಿದು ಕೂತಿದ್ದೆ.

"ತಡೀರಿ ಸರ್, ನೋಡೂಣು" ಎಂದು ಪರೀಕ್ಷೆಯ ಪ್ರೋಗ್ರಾಮನ್ನು ಅದೇ ಸೆಟ್ಟಿಂಗಿನಲ್ಲಿ ಶುರು ಮಾಡಿದೆ. ಹತ್ತು ನಿಮಿಷ ಆಯಿತು, ಇಪ್ಪತ್ತು ಆಯಿತು. ನಲವತ್ತನೆಯ ನಿಮಿಷಕ್ಕೆ ಮೂರನೆಯ ಕೋರಿನ ಸಾಲು ಕೆಂಪಾಯಿತು. ಉಳಿದ ಮೂರು ಕೋರುಗಳು ಹಸಿರಾಗಿಯೇ ಇದ್ದವು. ಉಷ್ಣ ಎಪ್ಪತ್ತೆಂಟು. ಗುರುವಾರ ನಾನು ಮೂವತ್ತು ನಿಮಿಷಕ್ಕೆ ನಿಲ್ಲಿಸಿದ್ದೆ.

"ಇದೇನು?"

"ಇದಕ್ಕ ಕೊಟ್ಟ ಲೆಕ್ಕದ ಉತ್ತರ ಮೊದಲ ಗೊತ್ತಿರತದ್ರಿ. ಇದು ತಪ್ಪ ಹೇಳ್ಯಾದ. ಶಾಖ ಕಡಿಮಿ ಮಾಡ್ಬೇಕಂತ ನಾ ವೋಲ್ಟೇಜ್ ಇಳಿಸಿದ್ದೆ. ಆ ವೇಗಕ್ಕ ಅಷ್ಟು ವೋಲ್ಟೇಜ್ ಸಾಲಂಗಿಲ್ಲ. ಬಂದ್ ಬಿದ್ದಿದ್ರ ಗೊತ್ತಾಗ್ತಿತ್ತು. ಬಂದ್ ಬೀಳದ ಆರು ದಿನ ನಡುನಡುವೆ ತಪ್ಪ ಲೆಕ್ಕ ಮಾಡ್ಯಾದ." ಮೌಸಿನಿಂದ ಕೈ ತೆಗೆದೆ. "ನಿಮ್ಮ ಫೋಟೋ ಅಲ್ರಿ ಸರ್. ನಂದು ತಪ್ಪು. ಒಂದು ದಿನ ಕಾಯ್ದು ನೋಡಬೇಕಿತ್ತು, ನೋಡಲಿಲ್ಲ."

ಮಾಸ್ತರರು ಕೆಂಪು ಸಾಲನ್ನೇ ನೋಡುತ್ತಿದ್ದರು.

"ಜೋರ ಓಡಸಂತ ನಾನೇ ಹೇಳಿದ್ದೆ."

"ನೀವು ಕೇಳಿದ್ರಿ. ಬ್ಯಾಡ ಅನ್ನೋದು ನನ್ನ ಕೆಲಸ ಇತ್ತು."

ಮಾಸ್ತರರು ಹೆಗಲ ಮೇಲಿನ ಟವೆಲಿನಿಂದ ಕನ್ನಡಕ ಒರೆಸಿಕೊಂಡು ಒಳಗೆ ಹೋದರು.

ಉಳಿದದ್ದು ಒಂದೇ ದಾರಿ. ಎಲ್ಲಿ ತೂತಿದೆ ಎಂದು ಗೊತ್ತಿಲ್ಲದೆಯೇ ಗುರುವಾರ ಇಡೀ ಕೋಣೆಯನ್ನು ಇನ್ನೊಮ್ಮೆ ತೆಗೆಯುವುದು. ಬೆಳಿಗ್ಗೆ ಆರೂವರೆಗೆ ನಾವಿಬ್ಬರೂ ವಾಡೆಯ ಮುಂದೆ ನಿಂತಿದ್ದೆವು. ಮಾಲೀಕರು ಆಗಲೇ ಬಂದಿದ್ದರು. ಒಳಗೆ ನಾಲ್ವರು ಕೂಲಿಗಳು ಮಾಳಿಗೆಯ ಫರಸಿ ಚಪ್ಪಡಿಗಳನ್ನು ಕೆಳಗಿಳಿಸುತ್ತಿದ್ದರು. ಕಟ್ಟಿಗೆ, ಕಲ್ಲು ಉಳಿಸಿಕೊಳ್ಳಲೆಂದು ಮಂಗಳವಾರದಿಂದಲೇ ಬಿಚ್ಚಲು ಶುರು ಮಾಡಿದ್ದರು; ಕಂಪ್ಯೂಟರಿನ ಮುಂದಿಂದ ಏಳದ ಮಾಸ್ತರರಿಗೂ ಅದು ಗೊತ್ತಾಗಿರಲಿಲ್ಲ. ಮಾಳಿಗೆಯ ಮೇಲಿನ ಮಣ್ಣು ಸುರಿದು ಕೋಣೆಯೊಳಗೆ ಧೂಳು ಹೊಗೆಯಂತೆ ನಿಂತಿತ್ತು.

"ಮಾಸ್ತರ್ರ, ನಾ ಎಂದರ ಬ್ಯಾಡ ಅಂದೀನೇನು ನಿಮಗ?" ಮಾಲೀಕರು ನಿಜಕ್ಕೂ ಸಂಕಟದಿಂದಲೇ ಹೇಳಿದರು. "ಆದ್ರ ಇವತ್ತ ಒಳಗ ಬಿಡಂಗಿಲ್ಲ. ತೊಲಿ ಎಲ್ಲಾ ಸಡ್ಲ ಆಗ್ಯಾವ. ನಮ್ಮವ್ವ ಇನ್ನಾ ಕೋಲ ಹಿಡಕೊಂಡ ನಡ್ಯಾಕತ್ತಾಳ. ನಿಮಗೇನರ ಆದ್ರ ನಾ ನಿಮ್ಮ ಮನ್ಯಾಗಿನ ಅಕ್ಕಗ ಏನಂತ ಮಾರಿ ತೋರಸ್ಲಿ?"

"ಎರಡು ದಿನ ಮುಂದ ಹಾಕಾಕ ಆಗಂಗಿಲ್ಲೇನು?" ನಾನು ಕೇಳಿದೆ.

"ತಂಗಿ, ಜಯಂತಿ ಮುಂದ ಹೋಗತದೇನು?"

ಹೊಸ್ತಿಲ ಮೇಲೆ ನಿಂತು ತೆಗೆಯಲು ಒಪ್ಪಿದರು. ಮಾಸ್ತರರು ಹೊಸ್ತಿಲ ಮೇಲೆ ನಿಂತರು. ಬಲಗಡೆಗೆ, ಎಡಗಡೆಗೆ, ಮೇಲೆ, ಕೆಳಗೆ, ಧೂಳು ತುಸು ಇಳಿದಾಗಲೆಲ್ಲ ಗುಂಡಿ ಒತ್ತಿದರು. ಹನ್ನೊಂದು ಗಂಟೆಯವರೆಗೂ ತೆಗೆದರು. ಹೊಸ್ತಿಲಿಂದ ಕಾಣುವುದೆಲ್ಲ ಅವರ ಹತ್ತಿರ ಮೊದಲೇ ಚೆನ್ನಾಗಿ ಇತ್ತು. ಕಾಣದಿದ್ದದ್ದು ಬಾಗಿಲ ಹಿಂದಿನ ಮೂಲೆ. ಒಳಗೆ ಕಾಲಿಟ್ಟು ಬಾಗಿಲು ಹಾಕಿದರೆ ಮಾತ್ರ ಅದು ಕಾಣುತ್ತಿತ್ತು.

ಅದೇ ಮಧ್ಯಾಹ್ನ ಕಂಪ್ಯೂಟರನ್ನು ಕಂಪನಿಯ ವೇಗಕ್ಕೆ ಮರಳಿಸಿದೆ. ಎಲ್ಲ ಅಂಕಿಗಳನ್ನೂ ಅಳಿಸಿ, ಪೂರ್ತಿ ಒಂದು ದಿನ ಪರೀಕ್ಷೆ ಓಡಿಸಿದೆ. ಈಗ ಅವಸರವೇನೂ ಇರಲಿಲ್ಲ. ಶುಕ್ರವಾರ ಬೆಳಿಗ್ಗೆ ಜೆಸಿಬಿಯ ಸದ್ದು ಅವರ ಮನೆಯವರೆಗೂ ಕೇಳಿತಂತೆ. ಮಾಸ್ತರರು ನೋಡಲು ಹೋಗಲಿಲ್ಲವಂತೆ. ಮಧ್ಯಾಹ್ನ ನಾನು ಹೋಗಿ ಪರೀಕ್ಷೆಯ ಫಲ ನೋಡಿದೆ. ನಾಲ್ಕೂ ಸಾಲು ಹಸಿರು. ಕೆಲಸವನ್ನು ಮೊದಲಿಂದ ಹಚ್ಚಿದೆ. ಬರುವಾಗ ಆ ಓಣಿಯಿಂದಲೇ ಬಂದೆ. ಟ್ರ್ಯಾಕ್ಟರಿಗೆ ಮಣ್ಣು ತುಂಬುತ್ತಿದ್ದರು. ಮಣ್ಣಿನ ಹೆಂಟೆಗಳ ಒಂದೊಂದು ಮಗ್ಗುಲಿಗೆ ನೀಲಿ, ಕೆಂಪು ಹತ್ತಿತ್ತು. ಒಂದನ್ನು ಕೈಗೆ ಎತ್ತಿಕೊಂಡೆ, ಬೆರಳ ನಡುವೆ ಪುಡಿಯಾಯಿತು.

ಏಳು ದಿನ ಅದು ಒಂದೇ ಹದದಲ್ಲಿ ಓಡಿತು. ಅರವತ್ತೆಂಟು, ಎಪ್ಪತ್ತು, ಮಧ್ಯಾಹ್ನ ಎಪ್ಪತ್ತಾರು. ಯಾರೂ ಬೀಸಣಿಕೆ ಬೀಸಬೇಕಾಗಲಿಲ್ಲ. ಮಾಸ್ತರರು ಫೋನ್ ಮಾಡಲಿಲ್ಲ, ನಾನೇ ಮಾಡಿ ಕೇಳುತ್ತಿದ್ದೆ. ಅವರು ಅಂಕಿ ಓದಿ "ಇಡ್ತೀನಿ" ಅನ್ನುತ್ತಿದ್ದರು.

ಮುಗಿದ ದಿನ ಹೋದೆ. ಕೋಣೆ ಬಂದಿತ್ತು. ನಾಲ್ಕು ಗೋಡೆ, ಕಮಾನು, ಗೂಡುಗಳು, ದೀಪದ ಮಸಿ ಹತ್ತಿದ ಜಾಗ, ಮೊಳೆ ಹೊಡೆದ ತೂತು, ಎಲ್ಲವೂ ತಮ್ಮ ತಮ್ಮ ಜಾಗದಲ್ಲಿದ್ದವು. ಮೌಸ್ ತಿರುಗಿಸಿದರೆ ನಾವು ಕೋಣೆಯ ನಡುವೆ ನಿಂತು ಸುತ್ತ ನೋಡಿದಂತಾಗುತ್ತಿತ್ತು. ಕುದುರೆಯ ಸಾಲಿನಲ್ಲಿ ಒಬ್ಬ ಸವಾರ ಹಿಂದಕ್ಕೆ ತಿರುಗಿ ನೋಡುತ್ತಿದ್ದಾನೆ ಎಂದು ನಾನು ಅಂದೇ ಮೊದಲು ಗಮನಿಸಿದೆ. ಇನ್ನೂ ತಿರುಗಿಸಿದೆ. ಬಾಗಿಲ ಹಿಂದಿನ ಮೂಲೆ ಬಂತು. ಅಲ್ಲಿ ನೆಲದಿಂದ ಆಳೆತ್ತರದವರೆಗೆ ಎರಡು ಮೊಳ ಅಗಲಕ್ಕೆ ಏನೂ ಇರಲಿಲ್ಲ. ಪರದೆಯ ಬೂದು ಬಣ್ಣ ಮಾತ್ರ.

ಆ ಮೂಲೆಯ ಫೋಟೋಗಳನ್ನು ತೆಗೆದು ನೋಡಿದೆ. ಬಾಗಿಲು ಮುಚ್ಚಿದ್ದರಿಂದ ಬೆಳಕು ಸಾಲದೆ, ಸ್ಟ್ಯಾಂಡ್ ಇಡಲು ಜಾಗವಿಲ್ಲದೆ, ಕೈಯಲ್ಲೇ ಹಿಡಿದು ತೆಗೆದವು. ಕ್ಯಾಮೆರಾದ ಬೆರಳಗಲದ ಪರದೆಯಲ್ಲಿ ಸರಿ ಕಂಡಿದ್ದವು. ದೊಡ್ಡದು ಮಾಡಿದರೆ ಕಂದು ಮತ್ತು ಹಸಿರು ಕಲೆಸಿದ ಮಬ್ಬು. ಮಾಳಿಗೆ ಬಿಚ್ಚುವ ಮೊದಲು ಇದು ಕಂಡಿದ್ದರೆ ಒಂದು ದೀಪ, ಒಂದು ಸ್ಟೂಲು, ಅರ್ಧ ತಾಸು ಸಾಕಾಗುತ್ತಿತ್ತು.

"ಇಲ್ಲಿ ಏನಿತ್ತು ಸರ್?" ನಾನು ಕೇಳಿದೆ.

"ಒಬ್ಬಾಕಿ ನಿಂತಿದ್ಲು" ಅಂದರು ತಕ್ಷಣ. "ಹಸಿರು ಸೀರಿ. ಈ ಕೈ ಹಿಂಗ ಎತ್ತಿದ್ಲು." ತಮ್ಮ ಬಲಗೈಯನ್ನು ಭುಜದ ಮಟ್ಟಕ್ಕೆ ಎತ್ತಿದರು. ಬೆರಳು ಮಡಚಿದರು, ಬಿಡಿಸಿದರು, ಮತ್ತೆ ಮಡಚಿದರು. "ಕೈಯಾಗ..."

ನಾನು ಕಾದೆ.

"ಹೂವೋ, ಹಕ್ಕಿಯೋ." ಅವರ ಕೈ ಹಾಗೇ ಮೇಲೆ ನಿಂತಿತ್ತು. "ಸಣ್ಣಂವ ಇದ್ದಾಗಿಂದ ನೋಡೀನಿ ತಂಗಿ. ನೆನಪಾಗವಲ್ದು."

ಆ ಸಾಫ್ಟ್‌ವೇರಿನಲ್ಲಿ ತೂತು ಮುಚ್ಚುವ ಒಂದು ಗುಂಡಿ ಇದೆ. ಸುತ್ತಲಿನ ಗೋಡೆಯ ಬಣ್ಣವನ್ನೇ ಎಳೆದು ಹರವಿ ನುಣ್ಣಗೆ ಮಾಡಿಬಿಡುತ್ತದೆ. ಗೊತ್ತಿಲ್ಲದವರು ನೋಡಿದರೆ ಅಲ್ಲಿ ಬರೀ ಗೋಡೆ ಇತ್ತು ಅಂದುಕೊಳ್ಳುತ್ತಾರೆ. ಬಾಣವನ್ನು ಅದರ ಮೇಲೆ ತಂದು ಅವರ ಮುಖ ನೋಡಿದೆ.

"ಮುಚ್ಚಲೇನ್ರಿ?"

"ಬ್ಯಾಡ" ಅಂದರು. "ಇಲ್ಲೇನೋ ಇತ್ತು ಅನ್ನೋದಾದ್ರೂ ಗೊತ್ತಾಗ್ಲಿ."

ನಾನು ಫೈಲನ್ನು ಹಾಗೆಯೇ ಸೇವ್ ಮಾಡಿ, ಇನ್ವರ್ಟರಿನ ವಯರ್ ಸುತ್ತಿಕೊಂಡು ಎದ್ದೆ. ಮಾಸ್ತರರು ಬಾಗಿಲವರೆಗೆ ಬರಲಿಲ್ಲ. ಪರದೆಯ ಮುಂದೆ ಕೂತು, ಎತ್ತಿದ ತಮ್ಮ ಕೈಯನ್ನೇ ನೋಡಿಕೊಳ್ಳುತ್ತಿದ್ದರು.